ಎಂಜಿನ್ ಕೇಳುವ ಒಂದೇ ಪ್ರಶ್ನೆ

ಹಿಲ್ಡೂರ್ ಲಿಂಡಾಲ್ ಮೊದಲ ಸಲ ನಮ್ಮ ವಾಹನ ತಪಾಸಣಾ ಕೇಂದ್ರಕ್ಕೆ ಕಾರು ತಂದಾಗ ಅದನ್ನು ಫೇಲು ಮಾಡಲು ನಾನು ಮುಕ್ಕಾಲು ಗಂಟೆ ಹುಡುಕಾಡಿದೆ. ಏನೂ ಸಿಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ವಿಂಡೆಲ್ ನದಿಯ ಈ ದಂಡೆಯಲ್ಲಿ ನನ್ನನ್ನು ಬಲ್ಲವರೆಲ್ಲ ನನ್ನ ಬಗ್ಗೆ ಆಡುವುದು ಒಂದೇ ಮಾತು: ರೂನೆ ಕೈಗೆ ಸುತ್ತಿಗೆ ಸಿಕ್ಕರೆ ಹೊಸ ಕಾರಿನಲ್ಲೂ ತುಕ್ಕು ಕಾಣುತ್ತಾನೆ. ಮೂವತ್ತೊಂದು ವರ್ಷ ಊರಿನವರ ಕಾರುಗಳ ಹೊಟ್ಟೆಯಡಿ ನಿಂತು ತಲೆಯಲ್ಲಾಡಿಸಿದ್ದೇ ನನ್ನ ಕೆಲಸ. ಅಂಗಡಿಯಲ್ಲಿ ನಾನು ಹಾಲಿಗೆ ನಿಂತರೆ ಮುಂದಿನವರು ಮಾತು ನಿಲ್ಲಿಸಿ ಬೇಗ ಬೇಗ ಚೀಲ ತುಂಬಿಕೊಳ್ಳುತ್ತಿದ್ದರು. ನನಗೆ ಬೇಜಾರಾಗುತ್ತಿರಲಿಲ್ಲ ಎಂದರೆ ಸುಳ್ಳಾದೀತು.

ಅವಳು ತಂದ ಕಾರು ನೋಂದಣಿಯ ಪ್ರಕಾರ ಆಟೋಮ್ಯಾಟಿಕ್. ಒಳಗೆ ಬಗ್ಗಿ ನೋಡಿದರೆ ಕ್ಲಚ್ ಪೆಡಲ್ಲು, ಐದು ಗೇರಿನ ಕೋಲು. ಅದೇನೂ ವಿಚಿತ್ರವಲ್ಲ. ಹಳೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಟ್ಟರೆ ಹೊಸದರ ಬೆಲೆಗೆ ಇನ್ನೊಂದು ಕಾರೇ ಬರುತ್ತದೆ, ಹಾಗಾಗಿ ನಮ್ಮ ಜನ ಗುಜರಿಯಿಂದ ಮ್ಯಾನುಯಲ್ ಗೇರ್‌ಬಾಕ್ಸ್ ತಂದು ಕೂರಿಸಿಕೊಳ್ಳುತ್ತಾರೆ. ಹಾಗೆ ಮಾಡಿದವರು ಎಂಜಿನ್ ನಡೆಸುವ ಕಂಪ್ಯೂಟರನ್ನೂ ಅದೇ ಗುಜರಿ ಕಾರಿನಿಂದ ಕಿತ್ತು ತರುತ್ತಾರೆ. ಇಲ್ಲದಿದ್ದರೆ ಎಂಜಿನ್ನಿನ ಹಳದಿ ದೀಪ ಉರಿಯುತ್ತ ಕೂರುತ್ತದೆ, ಆ ದೀಪ ಉರಿದರೆ ನಾನು ಪಾಸು ಮಾಡುವುದಿಲ್ಲ. ಇವಳ ಕಾರಿನಲ್ಲಿ ದೀಪ ಉರಿಯುತ್ತಿರಲಿಲ್ಲ. ಮುಚ್ಚಳ ಬಿಚ್ಚಿ ಕಂಪ್ಯೂಟರಿನ ಮೇಲಿನ ನಂಬರು ಓದಿದೆ. ಅದು ಆ ಕಾರಿನ ಜೊತೆಯಲ್ಲೇ ಹುಟ್ಟಿದ್ದು, ಆಟೋಮ್ಯಾಟಿಕ್‌ನದೇ.

ನನಗೆ ಕುತೂಹಲ ತಡೆಯಲಾಗಲಿಲ್ಲ. ಗೇರ್‌ಬಾಕ್ಸ್ ಹೋಗಿದೆ, ಅದರ ತಂತಿಗಳೆಲ್ಲ ಗಾಳಿಯಲ್ಲಿ ನೇತಾಡುತ್ತಿರಬೇಕು, ಆದರೂ ಈ ಪೆಟ್ಟಿಗೆ ಯಾಕೆ ದೂರು ಹೇಳುತ್ತಿಲ್ಲ ಎಂದು ಅವಳನ್ನೇ ಕೇಳಿದೆ.

ಅವಳು ಕೈಗಳನ್ನು ಜಾಕೆಟ್ಟಿನ ಜೇಬಿನಿಂದ ತೆಗೆಯದೆ, "ದೂರು ಹೇಳೋಕೆ ಏನಿದೆ ಅದಕ್ಕೆ? ಕೇಳಿದ್ದಕ್ಕೆಲ್ಲ ಉತ್ತರ ಸಿಗ್ತಿದೆಯಲ್ಲ," ಎಂದಳು.

"ಯಾರು ಕೊಡ್ತಿರೋದು ಉತ್ತರ?"

"ನಾನು. ಇನ್ಯಾರು?"

ಐವತ್ತೈದರ ಹೆಂಗಸು, ಗಿಡ್ಡ ಆಳು, ಕನ್ನಡಕದ ಒಂದು ಕಡ್ಡಿಗೆ ಕರೆಂಟಿನವರ ಕಪ್ಪು ಟೇಪು ಸುತ್ತಿತ್ತು. ನಾನು ಅವತ್ತು ಸಹಿ ಹಾಕಿದೆ. ಶನಿವಾರ ಅವಳ ಶೆಡ್ಡಿಗೆ ಹೋದೆ, ಮುಂದಿನ ಶನಿವಾರವೂ ಹೋದೆ. ಮೂರನೆಯ ವಾರದಿಂದ ಅವಳು ನಾನು ಬರುವ ಮೊದಲೇ ಎರಡು ಲೋಟ ಕಾಫಿ ಸುರಿದು, ನಮ್ಮ ಕಡೆಯ ಪದ್ಧತಿಯಂತೆ ತಳಕ್ಕೆ ಚೀಸಿನ ತುಂಡು ಹಾಕಿ ಇಡತೊಡಗಿದಳು. ಊರಿನವರಿಗೆ ಅಷ್ಟು ಸಾಕಾಯಿತು. ಮುದುಕ ತುಕ್ಕು ಬಿಟ್ಟು ಬೇರೇನೋ ಹುಡುಕುತ್ತಿದ್ದಾನೆ ಎಂದು ನಗಾಡಿದರು. ನಾನು ಹುಡುಕುತ್ತಿದ್ದದ್ದು ತಂತಿಗಳನ್ನು. ನಂಬಿದರೆ ನಂಬಿ.

ಹಿಲ್ಡೂರ್ ಇಪ್ಪತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಿಪೇರಿ ಕೆಲಸ ಮಾಡಿದವಳು. ಎರಡು ಮಹಡಿಯ ಕಟ್ಟಡದ ತುಂಬ ಕರೆಗಳನ್ನು ಜೋಡಿಸುತ್ತ ಟಕಟಕ ಎನ್ನುವ ಸಾವಿರಾರು ರಿಲೇ ಸ್ವಿಚ್ಚುಗಳು, ಅದರ ನಡುವೆ ಇವಳೊಬ್ಬಳು ಏಣಿ ಹಿಡಿದು ಓಡಾಡಬೇಕಿತ್ತು. ಯಾವ ಮೂಲೆಯ ಟಕಟಕದಲ್ಲಿ ಲಯ ತಪ್ಪಿದೆ ಎಂದು ಬಾಗಿಲಲ್ಲೇ ನಿಂತು ಹೇಳುತ್ತಿದ್ದಳಂತೆ. ಒಂದು ವರ್ಷ ಆ ಎರಡು ಮಹಡಿಯೂ ಕುಗ್ಗಿ ಬಟ್ಟೆ ಬೀರುವಿನಷ್ಟು ದೊಡ್ಡ ಒಂದು ಯಂತ್ರದೊಳಗೆ ಸೇರಿಕೊಂಡಿತು. ಇವಳಿಗೆ ಒಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಹೂಗುಚ್ಛದ ಜೊತೆ ಬೆಸುಗೆ ಕಡ್ಡಿಯನ್ನೂ ಚೀಲಕ್ಕೆ ಹಾಕಿಕೊಂಡು ಬಂದೆ, ಯಾರೂ ಕೇಳಲಿಲ್ಲ ಎಂದು ಅವಳೇ ಹೇಳಿದ್ದು. ಮುಚ್ಚಿಹೋಗಿದ್ದ ಹಳೆಯ ಡೈರಿಯ ಕಟ್ಟಡವನ್ನೇ ಶೆಡ್ಡು ಮಾಡಿಕೊಂಡು ಕಾರುಗಳ ವಯರಿಂಗ್ ಮಾಡಲು ಕೂತಳು. ಮದುವೆಯಾಗಿರಲಿಲ್ಲ. ಅಣ್ಣ ಎವರ್ಟನ ಮನೆ ಆಲೂಗಡ್ಡೆ ಪಾತಿಯ ಆಚೆಗೇ ಇತ್ತು, ಅತ್ತಿಗೆ ಮಾಯ್‌ಲಿಸ್ ಹಂದಿಮಾಂಸದ ಕಡುಬು ಮಾಡಿದ ದಿನ ಕಿಟಕಿಯಿಂದ ಒಂದು ಬಟ್ಟೆ ಬೀಸಿದರೆ ಇವಳು ಕೈ ತೊಳೆದು ಹೊರಡುತ್ತಿದ್ದಳು. ಒಂಟಿತನ ಅನಿಸುವುದಿಲ್ಲವೇ ಎಂದು ನಾನು ಒಮ್ಮೆ ಕೇಳಿದ್ದೆ. ಊರಿನವರ ಅರ್ಧ ಮಾತು ನನ್ನ ಬೆರಳ ಮೇಲೆ ಹಾದುಹೋಗಿದೆ, ಇನ್ನು ಮನೆಯಲ್ಲಿ ಬೇರೆ ಒಬ್ಬ ಮಾತಾಡುವವನು ಬೇಕೇ ಎಂದಳು.

ಹಳೆಯ ಕಂಪ್ಯೂಟರನ್ನು ಯಾಕೆ ಬಿಡುವುದಿಲ್ಲ ಎನ್ನುವುದಕ್ಕೆ ಅವಳ ಹತ್ತಿರ ಎರಡು ಕಾರಣವಿತ್ತು. ಮೊದಲನೆಯದು ಸುಲಭ. ಕಂಪ್ಯೂಟರು ತನ್ನ ಕಾರಿನ ಕೀಯನ್ನಷ್ಟೇ ನಂಬುತ್ತದೆ. ಗುಜರಿಯಿಂದ ಇನ್ನೊಂದನ್ನು ತಂದರೆ ಅದರ ಕೀ, ಅದರ ಬೀಗ, ಕೀಯೊಳಗಿನ ಚಿಪ್ ಎಲ್ಲವನ್ನೂ ತರಬೇಕು, ಒಂದು ಬಿಟ್ಟುಹೋದರೂ ಎಂಜಿನ್ ಹತ್ತುವುದಿಲ್ಲ. ಎರಡನೆಯ ಕಾರಣ ಎಕ್ಸ್‌ಚೇಂಜಿನಲ್ಲಿ ಕಲಿತದ್ದು. ಕೆಲಸ ಮಾಡುತ್ತಿರುವುದನ್ನು ಕೀಳಬಾರದು. ತಂತಿಯ ಆ ತುದಿಯಲ್ಲಿ ಕೂತವನಿಗೆ ಈ ತುದಿಯಲ್ಲಿ ಏನಿದೆ ಎಂದು ಕಾಣುವುದಿಲ್ಲ. ಅವನಿಗೆ ತಿಳಿಯುವುದು ಇಷ್ಟೇ: ತಂತಿ ಮುಟ್ಟಿದೆಯೋ, ಬಿಟ್ಟಿದೆಯೋ. ಅವನು ಏನು ಕೇಳುತ್ತಿದ್ದಾನೆ ಎಂದು ಪತ್ತೆ ಮಾಡಿದರೆ ಮುಗಿಯಿತು, ಅವನನ್ನು ಬದಲಿಸುವ ಅಗತ್ಯವೇ ಇಲ್ಲ.

ಆ ಕಂಪ್ಯೂಟರು ಗೇರ್‌ಬಾಕ್ಸನ್ನು ಕೇಳುತ್ತಿದ್ದದ್ದು ಏನು ಎಂದು ಅವಳು ಒಂದು ಇಡೀ ಚಳಿಗಾಲ ಅಳೆದು ನೋಡಿದ್ದಳು. ಹತ್ತಾರು ಪ್ರಶ್ನೆ ಇರಬಹುದು ಎಂದು ಎಣಿಸಿದ್ದಳಂತೆ. ಸಿಕ್ಕಿದ್ದು ಒಂದೇ. ಗೇರಿನ ಕೋಲಿನಿಂದ ಹೊರಟ ಒಂದು ಹಸಿರು ತಂತಿ. ಕೋಲು ಪಾರ್ಕಿಂಗಿನಲ್ಲೋ ನ್ಯೂಟ್ರಲಿನಲ್ಲೋ ಇದ್ದರೆ ಆ ತಂತಿ ಕಾರಿನ ಲೋಹದ ಮೈಗೆ ಮುಟ್ಟಿರುತ್ತದೆ. ಗೇರಿಗೆ ಬಿದ್ದ ಕೂಡಲೇ ಬಿಟ್ಟುಕೊಳ್ಳುತ್ತದೆ. ಅಂದರೆ ಎಂಜಿನ್ ಕೇಳುವುದು ಇಷ್ಟು: ಚಕ್ರಗಳು ನನ್ನಿಂದ ಬಿಡುಗಡೆಯಾಗಿವೆಯೇ? ಹೌದು ಎಂಬ ಉತ್ತರ ಬಂದರೆ ಸ್ಟಾರ್ಟರ್ ತಿರುಗಲು ಬಿಡುತ್ತದೆ, ಇಲ್ಲವೆಂದರೆ ಬಿಡುವುದಿಲ್ಲ.

ಹಿಲ್ಡೂರ್ ಆ ಹಸಿರು ತಂತಿಯ ತುದಿ ಕತ್ತರಿಸಿ ಕಾರಿನ ಮೈಗೇ ಬೆಸೆದುಬಿಟ್ಟಳು. ಕಂಪ್ಯೂಟರ್ ಯಾವಾಗ ಕೇಳಿದರೂ ಉತ್ತರ ಹೌದು. ಹತ್ತು ನಿಮಿಷದ ಕೆಲಸ. ಎಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟಿತು, ದೀಪ ಆರಿತು.

ಇದನ್ನು ಅವಳು ನನಗೆ ತೋರಿಸಿದ ದಿನ ನಾನು ಬೆಂಚಿನ ಮೇಲೆ ಕೂತು ಮನಸಾರೆ ನಕ್ಕೆ. ಇಷ್ಟು ದೊಡ್ಡ ಬುದ್ಧಿವಂತ ಪೆಟ್ಟಿಗೆಗೆ ಒಂದು ಗೇಣು ತಂತಿ ಸಾಕಾಯಿತಲ್ಲ ಎಂದು. ಆಮೇಲೆ ಅಭ್ಯಾಸಬಲದಿಂದ ಒಂದು ಮಾತು ಕೇಳಿದೆ. ಯಾರಾದರೂ ಗೇರಿನಲ್ಲಿಟ್ಟು, ಕ್ಲಚ್ ಒತ್ತದೆ ಕೀ ತಿರುಗಿಸಿದರೆ? ಅವಳೆಂದಳು, ನಿನ್ನ ಕಾರು ಏನು ಮಾಡುತ್ತದೋ ಅದೇ ಮಾಡುತ್ತದೆ, ನೆಗೆಯುತ್ತದೆ, ಮ್ಯಾನುಯಲ್ ಓಡಿಸುವವರಿಗೆ ಇದು ಗೊತ್ತಿರದೆ ಇರುತ್ತದೆಯೇ? ಅದು ನಿಜವೇ. ನಮ್ಮ ಕಡೆಯ ಆಗಿನ ಮ್ಯಾನುಯಲ್ ಕಾರುಗಳು ಅಂಥ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ನನ್ನ ನಿಯಮದ ಪುಸ್ತಕದಲ್ಲೂ ಅದರ ಸುದ್ದಿ ಇರಲಿಲ್ಲ. ಪೆಡಲಿಗೆ ಒಂದು ಸ್ವಿಚ್ಚು, ಗೇರ್‌ಬಾಕ್ಸಿಗೆ ಒಂದು ಸ್ವಿಚ್ಚು ಹಾಕಿ ನಿಜವಾದ ಉತ್ತರವನ್ನೇ ಕೊಡಬಹುದು, ಆದರೆ ಅರ್ಧ ದಿನ ಹಿಡಿಯುತ್ತದೆ, ಬಿಡು ಎಂದಳು. ನಾನೂ ಬಿಟ್ಟೆ.

ಹಾಗೆ ಮೂರು ವರ್ಷದಲ್ಲಿ ಅವಳ ಶೆಡ್ಡಿನಿಂದ ಹನ್ನೊಂದು ಕಾರು ಹೊರಬಂದವು. ಹನ್ನೊಂದಕ್ಕೂ ನಾನೇ ಸಹಿ ಹಾಕಿದೆ.

ಹನ್ನೊಂದನೆಯದು ಎವರ್ಟನ ಕಾರು. ಎವರ್ಟ್ ನಲವತ್ತು ವರ್ಷ ಮರದ ದಿಮ್ಮಿಯ ಲಾರಿ ಓಡಿಸಿ ನಿವೃತ್ತನಾದವನು. ಮನೆಯ ಓಡಾಟಕ್ಕೆ ಮಾತ್ರ ಇಪ್ಪತ್ತು ವರ್ಷದಿಂದ ಆಟೋಮ್ಯಾಟಿಕ್ ಇಟ್ಟುಕೊಂಡಿದ್ದ, ಎಡಗಾಲಿಗೆ ಪಿಂಚಣಿ ಕೊಟ್ಟಿದ್ದೇನೆ ಎನ್ನುತ್ತಿದ್ದ. ಆ ಶರತ್ಕಾಲ ಗೇರ್‌ಬಾಕ್ಸ್ ಹೋಯಿತು. ಹಿಲ್ಡೂರ್ ಅಣ್ಣನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆಂದು ತಾನೇ ನಿಂತು ಬದಲಿಸಿಕೊಟ್ಟಳು. ಎಡಗಾಲನ್ನು ಮತ್ತೆ ಕೆಲಸಕ್ಕೆ ಕರೆದಿದ್ದೀಯಲ್ಲೇ ಎಂದು ಅವನು ರೇಗಿಸಿದ, ಆದರೆ ಗೇರಿನ ಕೋಲು ಕೈಗೆ ಸಿಕ್ಕಿದ್ದಕ್ಕೆ ಮುಖ ಅರಳಿತ್ತು. ಅವತ್ತು ನಾನೂ ಊಟಕ್ಕಿದ್ದೆ.

ಇನ್ನು ನಮ್ಮ ಚಳಿಗಾಲದ ಬೆಳಗ್ಗೆಯ ಪದ್ಧತಿ ಹೇಳಬೇಕು, ಎಲ್ಲ ನಡೆದದ್ದು ಅದರಿಂದಲೇ. ಮೈನಸ್ ಮೂವತ್ತು ಡಿಗ್ರಿ ಚಳಿಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಅದು ಹೆಪ್ಪುಗಟ್ಟಿ ಬೆಳಗ್ಗೆ ಬಿಡುವುದಿಲ್ಲ. ಹಾಗಾಗಿ ಮ್ಯಾನುಯಲ್ ಕಾರನ್ನು ಯಾರೂ ಹ್ಯಾಂಡ್‌ಬ್ರೇಕಿನಲ್ಲಿ ನಿಲ್ಲಿಸುವುದಿಲ್ಲ, ಗೇರಿನಲ್ಲಿ ನಿಲ್ಲಿಸುತ್ತಾರೆ. ಲಾರಿ ಓಡಿಸಿದ ಎವರ್ಟನ ಕೈಗೆ ಇದು ಯೋಚನೆಯಿಲ್ಲದೆ ಬರುತ್ತಿತ್ತು. ಆಟೋಮ್ಯಾಟಿಕ್ ಇಟ್ಟವರದು ಇನ್ನೊಂದು ಅಭ್ಯಾಸ. ಕಾರಿನೊಳಗೆ ಕೂರುವುದಿಲ್ಲ. ಹೊರಗೆ ನಿಂತೇ ಬಾಗಿಲು ತೆರೆದು, ಕೈ ಚಾಚಿ ಕೀ ತಿರುಗಿಸಿ, ಒಳಗೆ ಬಿಸಿಯಾಗುವವರೆಗೆ ಗಾಜಿನ ಮಂಜು ಕೆರೆಯುತ್ತಾರೆ. ಪಾರ್ಕಿಂಗಿನಲ್ಲಿರುವ ಕಾರು ಎಲ್ಲಿಗೂ ಹೋಗುವುದಿಲ್ಲ. ಎವರ್ಟನಿಗೆ ಇಪ್ಪತ್ತು ವರ್ಷದಿಂದ ಇದೂ ಯೋಚನೆಯಿಲ್ಲದೆ ಬರುತ್ತಿತ್ತು. ರಾತ್ರಿಯಿಡೀ ಎಂಜಿನ್ನನ್ನು ಬೆಚ್ಚಗಿಡುವ ಹೀಟರಿನ ವಯರು ಕಾರಿನ ಮೂತಿಯಲ್ಲಿರುತ್ತದೆ. ಗಂಡಹೆಂಡಿರಿದ್ದರೆ ಒಬ್ಬರು ಕೀ ತಿರುಗಿಸಲು ಹೋಗುತ್ತಾರೆ, ಒಬ್ಬರು ಮುಂದೆ ನಿಂತು ಆ ವಯರು ಕಿತ್ತು ಸುತ್ತಿಡುತ್ತಾರೆ.

ಜನವರಿ ಎರಡನೆಯ ವಾರ, ಬೆಳಗ್ಗೆ ಒಂಬತ್ತಕ್ಕೆ, ಮಾಯ್‌ಲಿಸ್ ಕಾರಿನ ಮುಂದೆ ಬಗ್ಗಿ ವಯರು ಕೀಳುತ್ತಿದ್ದಳು. ಅವಳ ಬೆನ್ನಿಗೆ ಸೌದೆ ಕೊಟ್ಟಿಗೆಯ ಗೋಡೆ. ಎವರ್ಟ್ ಬಾಗಿಲು ತೆರೆದು ಕೈ ಚಾಚಿ ಕೀ ತಿರುಗಿಸಿದ. ಕಾರು ಒಂದನೆಯ ಗೇರಿನಲ್ಲಿತ್ತು. ಹಿಲ್ಡೂರ್ ಹದ ಮಾಡಿದ ಎಂಜಿನ್, ಅದೂ ಬೆಚ್ಚಗಿದ್ದದ್ದು, ಒಂದೇ ಸುತ್ತಿಗೆ ಹತ್ತಿಕೊಂಡಿತು. ಅವನು ಒಳಗೆ ಹಾರಿ ಕ್ಲಚ್ ಒತ್ತಿ ಕಾರನ್ನು ಹಿಂದಕ್ಕೆ ಉರುಳಿಸುವ ಹೊತ್ತಿಗೆ ಮಾಯ್‌ಲಿಸಳ ಬಲತೊಡೆ ಎರಡು ಕಡೆ ಮುರಿದಿತ್ತು.

ನಗರದ ಆಸ್ಪತ್ರೆಯಲ್ಲಿ ಕಬ್ಬಿಣದ ಸರಳು ಹಾಕಿದರು. ಜೀವಕ್ಕೆ ಅಪಾಯವಾಗಲಿಲ್ಲ. ಪೊಲೀಸರು ಕೇಳುವ ಮೊದಲೇ ಎವರ್ಟ್, ಗೇರಿನಲ್ಲಿದೆ ಅನ್ನೋದು ನನಗೆ ಗೊತ್ತಿರಬೇಕಿತ್ತು, ನಾನೇ ಮಾಡಿದ್ದು ಎಂದು ಬರೆಸಿದ. ಊರೂ ಅದನ್ನೇ ಹೇಳಿತು. ನಲವತ್ತು ವರ್ಷ ಲಾರಿ ಓಡಿಸಿದವನು ಹೀಗೆ ಮಾಡುವುದೇ ಎಂದು ಅಂಗಡಿಯಲ್ಲಿ ಆಡಿಕೊಂಡರು. ಹಸಿರು ತಂತಿಯ ವಿಷಯ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ.

ಹಿಲ್ಡೂರ್ ಮಾರನೆಯ ದಿನ ತಪಾಸಣಾ ಕೇಂದ್ರಕ್ಕೆ ಬಂದಳು. ಕಾರು ತಂದಿರಲಿಲ್ಲ. ಕಾರಿನ ಹೊಟ್ಟೆ ನೋಡಲು ನಾವು ಇಳಿಯುವ ಗುಂಡಿಯ ಅಂಚಿನಲ್ಲಿ ನಿಂತು, ಕೆಳಗಿದ್ದ ನನಗೆ ಹೇಳಿದಳು, "ಆ ಕಂಪ್ಯೂಟರು ನಿನ್ನೆ ಬೆಳಗ್ಗೆನೂ ಕೇಳ್ತು ರೂನೆ. ಚಕ್ರ ಬಿಟ್ಟಿದೆಯಾ ಅಂತ. ನಾನು ಹೌದು ಅಂದೆ."

ಬೇರೆ ಯಾವ ಮ್ಯಾನುಯಲ್ ಕಾರಾದರೂ ಹೀಗೇ ನೆಗೆಯುತ್ತಿತ್ತು ಎಂದು ನಾನು ವಾದಿಸಿದೆ. ಅವಳು ಒಪ್ಪಲಿಲ್ಲ. ಬೇರೆ ಕಾರುಗಳು ಕೇಳುವುದೇ ಇಲ್ಲ, ಇದು ಕೇಳುತ್ತಿತ್ತು, ಅದನ್ನು ಉಳಿಸಿಕೊಂಡಿದ್ದೇ ನಾನು, ಉಳಿಸಿಕೊಂಡು ಅದರ ಬಾಯಿ ಮುಚ್ಚಿಸಿದೆ ಎಂದಳು. ಅಣ್ಣನಿಗೆ ಹೇಳಿದೆಯಾ ಎಂದು ಕೇಳಿದೆ. ಆಸ್ಪತ್ರೆಯ ಓಣಿಯಲ್ಲಿ ಬಾಯಿ ತೆರೆದಿದ್ದಳಂತೆ. ಅಷ್ಟರಲ್ಲಿ ಎವರ್ಟ್, ನಾನೇ ಕಣೆ, ನಾನೇ ಅವಳ ಕಾಲು ಮುರಿದೆ ಎಂದು ಅವಳ ಭುಜಕ್ಕೆ ತಲೆಯಿಟ್ಟು ಅತ್ತನಂತೆ. ಅಣ್ಣ ಅಳುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಳು.

ನಾನು ಹೇಳು ಎನ್ನಬೇಕಿತ್ತು. ಹೇಳಲಿಲ್ಲ. ಹನ್ನೊಂದು ಸಹಿ ನನ್ನವು, ನಿವೃತ್ತಿಗೆ ಇನ್ನು ಒಂದೂವರೆ ವರ್ಷವಿತ್ತು, ನಾನು ಹೆದರಿದೆ. ಇನ್ನೊಬ್ಬರ ತುಕ್ಕು ಸುತ್ತಿಗೆಯಿಂದ ಬಡಿದು ತೋರಿಸುವವನಿಗೆ ತನ್ನದನ್ನು ಮುಟ್ಟಿಕೊಳ್ಳಲೂ ಧೈರ್ಯವಿರಲಿಲ್ಲ.

ಉಳಿದ ಹತ್ತು ಕಾರುಗಳ ನಂಬರು ನನ್ನ ತಲೆಯಲ್ಲೇ ಇದ್ದವು. ಬರೆದುಕೊಟ್ಟೆ. ಹಿಲ್ಡೂರ್ ಒಬ್ಬೊಬ್ಬರಿಗೂ ಫೋನು ಮಾಡಿ, ಒಂದು ಸಣ್ಣ ಕೆಲಸ ಬಾಕಿ ಉಳಿದಿದೆ, ತಂದು ಬಿಡಿ ಎಂದಳು. ಮಾರ್ಚಿ ತಿಂಗಳು ಮುಗಿಯುವ ಹೊತ್ತಿಗೆ ಹತ್ತೂ ಮುಗಿದವು. ಕ್ಲಚ್ ಪೆಡಲು ಪೂರ್ತಿ ಇಳಿದರೆ ಮುಟ್ಟುವ ಒಂದು ಸ್ವಿಚ್ಚು, ಗೇರ್‌ಬಾಕ್ಸ್ ಕೊರೆದು ಕೂರಿಸಿದ, ಕೋಲು ನ್ಯೂಟ್ರಲಿನಲ್ಲಿದ್ದರೆ ಮಾತ್ರ ಮುಟ್ಟುವ ಇನ್ನೊಂದು. ಎರಡರಲ್ಲಿ ಯಾವುದಾದರೂ ಒಂದು ಮುಟ್ಟಿದ್ದರೆ ಚಕ್ರ ಬಿಡುಗಡೆಯಾಗಿದೆ, ಹಸಿರು ತಂತಿ ಹೌದು ಎನ್ನುತ್ತದೆ. ಎರಡೂ ಬಿಟ್ಟಿದ್ದರೆ ಇಲ್ಲ. ಶನಿವಾರ ನಾನು ಹೋಗಿ ಪ್ರತಿಯೊಂದನ್ನೂ ಗೇರಿಗೆ ಹಾಕಿ, ಹೊರಗೆ ನಿಂತು ಕೀ ತಿರುಗಿಸಿ ನೋಡುತ್ತಿದ್ದೆ. ಸದ್ದಿಲ್ಲ. ಕೋಲನ್ನು ನ್ಯೂಟ್ರಲಿಗೆ ತಂದರೆ ಕೂಡಲೇ ಹತ್ತುತ್ತಿತ್ತು. ಕೇಳಿದ ಪ್ರಶ್ನೆಗೆ ನಿಜವನ್ನೇ ಹೇಳಿದರೆ ಆ ಹಳೆಯ ಪೆಟ್ಟಿಗೆ ಎಷ್ಟು ಚೆನ್ನಾಗಿ ಕಾಯುತ್ತದೆ ಎಂದು ಆಗ ಕಂಡೆ. ಬೇರೆ ದಿನವಾಗಿದ್ದರೆ ಅದರ ಚಂದಕ್ಕೆ ಕುಣಿಯುತ್ತಿದ್ದೆ. ಇವತ್ತಿಗೂ ಹಿಲ್ಡೂರ್ ಆಟೋಮ್ಯಾಟಿಕ್ ಕಾರನ್ನು ಮ್ಯಾನುಯಲ್ ಮಾಡಿದರೆ ಕಂಪ್ಯೂಟರು ಹಳೆಯದೇ, ಸ್ವಿಚ್ಚು ಎರಡು, ಅರ್ಧ ದಿನ ಹೆಚ್ಚು. ಅಷ್ಟು ಹೊತ್ತು ಕಾಯಲಾಗದವರನ್ನು ಗೇಟಿನಿಂದಲೇ ಕಳಿಸುತ್ತಾಳೆ.

ಹನ್ನೊಂದನೆಯ ಕಾರು ಮಾತ್ರ ಎವರ್ಟನ ಅಂಗಳದಲ್ಲಿ ಟಾರ್ಪಾಲಿನಡಿ ಹಾಗೇ ನಿಂತಿತ್ತು. ಅದನ್ನು ಮುಟ್ಟಲು ಅವನು ಬಿಡಲಿಲ್ಲ. ಲೈಸೆನ್ಸನ್ನು ತಾನೇ ಅಂಚೆಯಲ್ಲಿ ಹಿಂದಿರುಗಿಸಿದ್ದ. ಮಾಯ್‌ಲಿಸ್ ಊರುಗೋಲು ಹಿಡಿದು ಮನೆಗೆ ಬಂದ ದಿನವೇ ತನ್ನ ಹಾಸಿಗೆಯನ್ನು ಅಂಗಳದಾಚೆಯ ರೊಟ್ಟಿ ಸುಡುವ ಪುಟ್ಟ ಮನೆಗೆ ಸಾಗಿಸಿದ. ಸೌದೆ ಒಡೆದುಕೊಡುತ್ತಿದ್ದ, ನೀರು ತರುತ್ತಿದ್ದ, ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದ. ಅವಳು ಕರೆದರೆ ನಿಲ್ಲುತ್ತಿರಲಿಲ್ಲ. ದಿನದಿನಕ್ಕೂ ಅವನ ಕೋಟು ದೊಡ್ಡದಾಗುತ್ತ ಹೋಯಿತು. ಹಿಲ್ಡೂರ್ ಆಲೂಗಡ್ಡೆ ಪಾತಿಯ ಈಚೆಯಿಂದ ಇದನ್ನೆಲ್ಲ ನೋಡುತ್ತಿದ್ದಳು. ಕಿಟಕಿಯಿಂದ ಬಟ್ಟೆ ಬೀಸುವುದು ನಿಂತುಹೋಗಿತ್ತು.

ಮೇ ತಿಂಗಳಲ್ಲಿ ನದಿಯ ಮಂಜುಗಡ್ಡೆ ಒಡೆದು ಹೋದ ವಾರ ಒಂದು ಬೆಳಗ್ಗೆ ಅವಳು ನನ್ನ ಮನೆಗೆ ಬಂದಳು. ಎವರ್ಟ್ ಗುಜರಿಯವನನ್ನು ಕರೆಸಿದ್ದಾನೆ, ಇವತ್ತು ಮಧ್ಯಾಹ್ನ ಬಂದು ಕಾರನ್ನು ಒಯ್ದು ಜಜ್ಜುತ್ತಾರೆ ಎಂದಳು. ಕೂರು ಎಂದರೆ ಕೂರಲಿಲ್ಲ.

"ಕಾರು ಹೋದ್ರೆ ತಂತಿನೂ ಹೋಗುತ್ತೆ," ಎಂದಳು. "ಆಮೇಲೆ ನೀನು ನಾನು ಬಿಟ್ರೆ ಯಾರಿಗೂ ಗೊತ್ತಾಗಲ್ಲ. ಎರಡು ದಿನದಿಂದ ಇದನ್ನೇ ಯೋಚಿಸ್ತಿದೀನಿ. ಹೋಗ್ಲಿ ಅಂತ ಮನಸ್ಸು ಹೇಳ್ತು ಕಣೋ. ಖುಷಿನೂ ಆಯ್ತು. ಆ ಖುಷಿ ನೋಡಿ ನಂಗೆ ವಾಕರಿಕೆ ಬಂತು."

ನಾನು ಕೋಟು ಹಾಕಿಕೊಂಡೆ.

ಎವರ್ಟ್ ರೊಟ್ಟಿ ಮನೆಯ ಮೆಟ್ಟಿಲಲ್ಲಿ ಕೂತು ಏನೂ ಮಾಡದೆ ಅಂಗಳ ನೋಡುತ್ತಿದ್ದ. ಹಿಲ್ಡೂರ್ ಅವನೆದುರು ನಿಂತು, ಕನ್ನಡಕ ತೆಗೆದು, ಎಲ್ಲವನ್ನೂ ಹೇಳಿದಳು. ಸುತ್ತಿ ಬಳಸಲಿಲ್ಲ. ಕಾರು ಹುಟ್ಟಿದಾಗ ಹೇಗಿತ್ತು, ಅದು ಏನು ಕೇಳುತ್ತಿತ್ತು, ತಾನು ಏನು ಬೆಸೆದೆ, ಯಾಕೆ ಬೆಸೆದೆ. ಅರ್ಧ ದಿನ ಉಳಿಸಲು ಎಂದಳು. ನಾನು ನಡುವೆ ಬಾಯಿ ಹಾಕಿ, ಅದು ನನಗೂ ಗೊತ್ತಿತ್ತು, ಗೊತ್ತಿದ್ದೇ ಸಹಿ ಹಾಕಿದೆ ಎಂದೆ. ಅವನು ನನ್ನ ಕಡೆ ನೋಡಲೇ ಇಲ್ಲ. ತಂಗಿಯ ಮುಖವನ್ನೇ ನೋಡುತ್ತ ಕೂತಿದ್ದ, ಅವನ ಮುಖದಲ್ಲಿ ಸಿಟ್ಟೂ ಕಾಣಲಿಲ್ಲ, ಏನೂ ಕಾಣಲಿಲ್ಲ. ಕೊನೆಗೆ, ಸುಳ್ಳು ಹೇಳ್ತಿದೀಯ, ನನಗೆ ಸಮಾಧಾನ ಆಗಲಿ ಅಂತ ಕಟ್ಟಿದ ಕತೆ ಇದು ಎಂದ.

ಹಿಲ್ಡೂರ್ ವಾದ ಮಾಡಲಿಲ್ಲ. ಟಾರ್ಪಾಲು ಎಳೆದಳು, ಬ್ಯಾಟರಿ ತಂದು ಹಾಕಿದಳು. ಮೊದಲು ಹಳೆಯ ಬೆಸುಗೆ ಇದ್ದ ಹಾಗೇ ಬಿಟ್ಟು, ಕಾರನ್ನು ಒಂದನೆಯ ಗೇರಿಗೆ ಹಾಕಿ, ನಮ್ಮಿಬ್ಬರನ್ನೂ ದೂರ ನಿಲ್ಲಿಸಿ, ಹೊರಗಿನಿಂದ ಕೈ ಚಾಚಿ ಕೀ ತಿರುಗಿಸಿದಳು. ಕಾರು ಎರಡು ಮೊಳ ನೆಗೆದು ಕೊಟ್ಟಿಗೆಯ ಗೋಡೆಗೆ ಗುದ್ದಿ ಆರಿತು. ಎವರ್ಟ್ ಕಣ್ಣು ಮುಚ್ಚಿಕೊಂಡ. ಆಮೇಲೆ ಅವಳು ಕಾರಿನಡಿ ಸೇರಿದಳು. ಮಧ್ಯಾಹ್ನವಾಯಿತು. ಗುಜರಿಯವನ ಲಾರಿ ಬಂದು ಗೇಟಿನಲ್ಲಿ ನಿಂತಿತು, ನಾನು ಹೋಗಿ ಇವತ್ತು ಆಗಲ್ಲ ಎಂದು ಕಳಿಸಿದೆ. ಮೂರು ಗಂಟೆಗೆ ಅವಳು ಹೊರಬಂದು ಕೈ ಒರೆಸಿಕೊಂಡು, ಕಾರನ್ನು ಗೋಡೆಯಿಂದ ಹಿಂದಕ್ಕೆ ತಳ್ಳಿ, ಮತ್ತೆ ಒಂದನೆಯ ಗೇರಿಗೆ ಹಾಕಿದಳು. ನೇರ ಹೋಗಿ ಅದರ ಮೂತಿಗೂ ಗೋಡೆಗೂ ನಡುವೆ ನಿಂತಳು. ಗೋಡೆಯ ಹಲಗೆ ಒಡೆದ ಜಾಗಕ್ಕೆ ಸರಿಯಾಗಿ.

"ತಿರುಗಿಸು," ಎಂದಳು.

ಎವರ್ಟ್ ಅಲುಗಾಡಲಿಲ್ಲ. ಈಚೆ ಬಾ, ಹುಚ್ಚಿ ಎಂದ. ಅವಳು ಬರಲಿಲ್ಲ. ನಾನು ಪರೀಕ್ಷೆ ಮಾಡುತ್ತೇನೆ, ನೀನು ಪಕ್ಕಕ್ಕೆ ಸರಿ ಎಂದೆ. ನನ್ನನ್ನೂ ಗದರಿಸಿದಳು. ಹತ್ತು ಕಾರಿನಲ್ಲಿ ನೋಡಿದ್ದೇನೆ, ಕೆಲಸ ಸರಿಯಾಗಿದೆ ಎಂದು ಗೊತ್ತು, ಆದರೂ ಅವಳನ್ನು ಎಳೆದುಕೊಂಡು ಬರಬೇಕು ಅನಿಸುತ್ತಿತ್ತು.

"ನಿನ್ನ ಕೈಯಲ್ಲೇ ಗೊತ್ತಾಗ್ಬೇಕು," ಎಂದಳು ಹಿಲ್ಡೂರ್. "ನಾನು ಎಷ್ಟು ಹೇಳಿದ್ರೂ ನೀನು ನಂಬಲ್ಲ. ಮೊದಲು ಈ ಕಾರು ಹೀಗಿತ್ತು. ಇಪ್ಪತ್ತು ವರ್ಷ ನಿನ್ನ ಕೈ ಮಾಡಿದ್ದು ಸರಿಯಾಗೇ ಇತ್ತು. ತಿರುಗಿಸು ಎವರ್ಟ್."

ಅವನು ಬಾಗಿಲು ತೆರೆದ. ಕೈ ಚಾಚಿದ. ಕೀಗೊಂಚಲು ಗಲಗಲ ಎಂದಿತು. ತಿರುಗಿಸಿದ. ಏನೂ ಆಗಲಿಲ್ಲ. ಕೀಯನ್ನು ಹಿಂದಕ್ಕೆ ತಂದು ಮತ್ತೆ ತಿರುಗಿಸಿದ, ಮತ್ತೆ ತಿರುಗಿಸಿದ. ಎಷ್ಟು ಸಲವೆಂದು ನಾನು ಎಣಿಸಲಿಲ್ಲ. ಕಾರು ಕಲ್ಲಿನ ಹಾಗೆ ನಿಂತಿತ್ತು, 'ಇಲ್ಲ' ಎಂಬ ಉತ್ತರ ಅದಕ್ಕೆ ಪ್ರತಿ ಸಲವೂ ಹೋಗುತ್ತಿತ್ತು. ಎವರ್ಟ್ ಕಾರಿನ ಛಾವಣಿಗೆ ಹಣೆಯಿಟ್ಟು ನಿಂತುಬಿಟ್ಟ.

ಹಣೆ ಎತ್ತದೆಯೇ ಅವನು ಹೇಳಿದ್ದು, "ನಾಲ್ಕು ತಿಂಗಳು ಹಿಲ್ಡೂರ್."

"ಗೊತ್ತು."

"ಮಾಯ್‌ಲಿಸ್‌ಗೆ ನೀನೇ ಹೇಳು. ನಾನು ಹೇಳಲ್ಲ."

ಅವಳು ಅಡುಗೆಮನೆಗೆ ನಡೆದಳು. ನಾನೂ ಹಿಂದೆಯೇ ಹೋದೆ. ಮಾಯ್‌ಲಿಸ್ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದಳು, ಅಂಗಳದಲ್ಲಿ ನಡೆದದ್ದನ್ನೆಲ್ಲ ನೋಡಿದ್ದಳು, ಅರ್ಥವಾಗಿರಲಿಲ್ಲ. ಹಿಲ್ಡೂರ್ ಎರಡನೆಯ ಸಲ ಅದೇ ಮಾತುಗಳನ್ನು ಹೇಳಿದಳು. ಈ ಸಲ ಅವಳ ದನಿ ಎರಡು ಕಡೆ ಒಡೆಯಿತು. ಮಾಯ್‌ಲಿಸ್ ನನ್ನ ಕಡೆ ತಿರುಗಿ, ನಿನಗೂ ಗೊತ್ತಿತ್ತಾ ಎಂದು ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ.

ಅವಳು ಮೇಜಿನ ಮೇಲಿನ ಬಟ್ಟೆಯನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

"ಕಾಲಿನ ಮಾತು ಬಿಡಿ," ಎಂದಳು. "ಕಾಲು ಯಾರ ಕೈಲಾದ್ರೂ ಮುರಿಯುತ್ತೆ, ಒಂದು ಕ್ಷಣದ ಕೆಲಸ. ನನ್ನ ಗಂಡ ನಾಲ್ಕು ತಿಂಗಳಿಂದ ನನ್ನ ಮುಖ ನೋಡಿಲ್ಲ. ನಾನೇ ಏನೋ ತಪ್ಪು ಮಾಡಿರ್ಬೇಕು, ನನ್ನ ಕಂಡ್ರೆ ಅವನಿಗೆ ಹೇಸಿಗೆ ಆಗ್ತಿರ್ಬೇಕು ಅಂದ್ಕೊಂಡು ಇಲ್ಲಿ ಒಬ್ಳೇ ಕೂತಿದ್ದೆ. ನೀವಿಬ್ರೂ ದಿನಾ ನೋಡ್ತಿದ್ರಿ. ಅದನ್ನ ಹೇಗೆ ಕ್ಷಮಿಸ್ಲಿ, ನೀವೇ ಹೇಳಿ."

ಹೊರಬಾಗಿಲ ಸದ್ದಾಯಿತು. ಎವರ್ಟ್ ಒಳಗೆ ಬಂದು, ಬೂಟು ಬಿಚ್ಚಿ ಗೋಡೆಗೆ ಒರಗಿಸಿಟ್ಟು, ಹೆಂಡತಿಯ ಪಕ್ಕದ ಕುರ್ಚಿ ಎಳೆದು ಕೂತ. ಅವಳು ನಮ್ಮನ್ನು ಬಿಟ್ಟು ಅವನ ಕಡೆ ತಿರುಗಿದಳು. ಅವನು ಮುಖ ಎತ್ತಿದ. ಹಿಲ್ಡೂರ್ ನನ್ನ ತೋಳು ಮುಟ್ಟಿದಳು, ನಾವು ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆವು.